ನೀರಿನ ಉಸಿರು ನೋಡುತ್ತಿದ್ದವರು

ಆಗ ನನಗೆ ಮೂವತ್ತೈದು. ಈಗ್ಗೆ ನಲವತ್ತು ವರ್ಷದ ಹಿಂದಿನ ಮಾತು. ಮೀನಿನ ಇಲಾಖೆಯ ಸಾಹೇಬರ ಬೆರಳ ತುದಿಗಳು ನೀರು ಪರೀಕ್ಷೆಯ ಮದ್ದು ತಾಗಿ ತಾಗಿ ಕಂದು ಹಿಡಿದಿದ್ದವು. ಎಷ್ಟು ತೊಳೆದು ಊಟಕ್ಕೆ ಕೂತರೂ ಕೊಳಕಾಗಿಯೇ ಕಾಣುತ್ತಿದ್ದವು.

ಕರಾವಳಿಯ ಸಿಗಡಿ ಹೊಂಡಗಳಲ್ಲಿ ಕೆಲಸ ಮಾಡಿ ತರೀಕೆರೆಗೆ ವರ್ಗವಾಗಿ ಬಂದವರು. ಗಂಡ ಸತ್ತ ಮೇಲೆ ನಾನು ಬುಕ್ಕಾಂಬುಧಿ ಕಡೆ ಒಂದು ಹೊಂಡ ಗುತ್ತಿಗೆಗೆ ಹಿಡಿದು ಮೀನುಮರಿ ಬಿಟ್ಟಿದ್ದೆ. ಅವು ಹೋದರೆ ನನಗೂ ಮಕ್ಕಳಿಗೂ ಕೂಲಿಯೇ ಗತಿ. ಸಾಹೇಬರು ಬಂದಾಗಲೆಲ್ಲ ನೀರು ಎಷ್ಟು ತಿಳಿಯಾಗಿದೆಯೆಂದು ಅಳೆಯಲು ಕಪ್ಪು ಬಿಳಿ ಬಳಿದ ತಟ್ಟೆಯೊಂದನ್ನು ಹಗ್ಗದಲ್ಲಿ ನೀರಿಗಿಳಿಸಿ, ಎಷ್ಟು ಆಳದಲ್ಲಿ ಮರೆಯಾಗುತ್ತದೆಂದು ಬಗ್ಗಿ ನೋಡುತ್ತಿದ್ದರು.

"ಮೀನಿಗೆ ಊಟದ ತಟ್ಟೆ ಬಿಡ್ತಾವ್ರೆ ಕಣ್ರೇ," ಎಂದು ಬಟ್ಟೆ ಒಗೆಯುವ ಹೆಂಗಸರು ನಗುತ್ತಿದ್ದರು.

ನನ್ನನ್ನು ಸಾಹೇಬರು "ಮಾರಾಯ್ತಿ" ಎಂದೇ ಕರೆಯುವುದು. ಒಮ್ಮೆ ನನಗೆ ರೇಗಿತು. "ಮೀನು ಮಾರೋಳು ಅಂತ ಮಾರಾಯ್ತಿ ಅಂತೀರೇನ್ರೀ?"

"ಅಲ್ಲ ಮಾರಾಯ್ತಿ, ನಮ್ಮ ಕಡೆ ಎಲ್ಲರಿಗೂ ಹಾಗೇ ಹೇಳುವುದು," ಎಂದು ಮತ್ತೆ ಅದನ್ನೇ ಅಂದರು.

ಒಂದು ಸಲ ಮೋಡ ಕವಿದು ದಿನಗಟ್ಟಲೆ ಬಿಸಿಲಿಲ್ಲ. ನಸುಕಿನಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹಸಿದಿವೆ ಎಂದುಕೊಂಡು ತೌಡು ಎರಚಲು ಹೊರಟೆ. ಹಿಂದಿನ ಸಂಜೆಯೇ ನೀರು ನೋಡಿ ಅನುಮಾನ ಬಂದು ನಮ್ಮೂರಲ್ಲೇ ಉಳಿದಿದ್ದ ಸಾಹೇಬರು ಓಡಿ ಬಂದು ಪುಟ್ಟಿ ಕಿತ್ತುಕೊಂಡರು. ಗಾಜಿನ ಬಾಟಲಿಗೆ ಹೊಂಡದ ನೀರು ತುಂಬಿ ಎರಡು ಮದ್ದು ಬಿಟ್ಟರು. ಒಳಗೆ ಹಾಲೊಡೆದಂತೆ ಬೆಳ್ಳಗಾಯಿತು.

"ಬೆಳ್ಳಗಾಯ್ತಲ್ಲ ಸ್ವಾಮಿ, ನೀರು ಸುದ್ದವಾಗೈತೆ," ಎಂದೆ.

"ಕಂದು ಬಂದಿದ್ದರೆ ಒಳ್ಳೇದಿತ್ತು. ಬಿಳಿ ಅಂದರೆ ನೀರಲ್ಲಿ ಉಸಿರೇ ಇಲ್ಲ ಮಾರಾಯ್ತಿ! ಅವಕ್ಕೆ ಹಸಿವಲ್ಲ, ಸಾಯ್ತಾ ಉಂಟು. ತೆಂಗಿನ ಗರಿ ತಕೊಂಡು ಬಾ, ಗಾಳಿ ಸೇರುವ ಹಾಗೆ ನೀರು ಬಡೀಲಿಕ್ಕೆ!"

ಪ್ಯಾಂಟು ಮಡಚಿ ತಾವೇ ಇಳಿದರು. ಪಕ್ಕದ ತೋಟದ ಪಂಪಿನಿಂದ ಹೊಸ ನೀರು ಹಾಯಿಸಿದೆವು. ನಗುತ್ತಿದ್ದ ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಬಡಿದರು. ಹೊತ್ತೇರುವಷ್ಟರಲ್ಲಿ ಕೆಲವು ಸತ್ತು ತೇಲಿದವು, ಮಿಕ್ಕವು ಕೆಳಗಿಳಿದವು. ಅವರು ಇನ್ನೊಂದು ಬಾಟಲಿ ತುಂಬಿ ಮದ್ದು ಬಿಟ್ಟರು. ತಿಳಿಗಂದು ಬಂತು. ನನ್ನ ಮಕ್ಕಳು ಕೂಲಿಗೆ ಹೋಗದೆ ಉಳಿದದ್ದು ಆ ಬೆಳಿಗ್ಗೆಯಿಂದ.

ಮುಂದಿನ ಬೇಸಿಗೆಯಲ್ಲಿ ರಜೆ ಹಾಕಿ ತಮ್ಮೂರಿಗೆ ಹೋದ ಸಾಹೇಬರು ಅಲ್ಲೇ ತೀರಿಕೊಂಡರೆಂದು ಆಫೀಸಿನ ಜವಾನ ಬಂದು ಹೇಳಿದ. ಏನಾಗಿತ್ತು ಎಂದು ಕೇಳಿದೆ, ಅವನಿಗೂ ಗೊತ್ತಿರಲಿಲ್ಲ.

ಮಾರನೆಯ ದಿನ ನಸುಕಿಗೇ ದಡದಲ್ಲಿ ನಿಂತು ನೋಡಿದೆ. ಒಂದು ಮೀನೂ ಮೇಲೆ ಬಂದಿರಲಿಲ್ಲ, ನೀರಲ್ಲಿ ಉಸಿರಿತ್ತು. ಬಲೆ ಎಳೆಸಿ, ಬುಟ್ಟಿ ತುಂಬಿಕೊಂಡು ಬೀರೂರಿನ ಬಸ್ಸು ಹತ್ತಿದೆ.