ಒಂದು ರಿಮೋಟು, ಇಬ್ಬರ ಹೆಬ್ಬೆರಳು

ಕಿಟಕಿ ಪಕ್ಕದ ಮೇಜಿಗೆ ಕೂತು ಬೆಳಗಿನಿಂದ ಸಂಜೆಯವರೆಗೆ ಕಂದಕಕ್ಕೆ ಬೀಳುವುದೇ ಮೊಂಡಕ್ಕನ ಕೆಲಸ. ಬೀಳುವುದು ಅವಳಲ್ಲ, ಕಂಪ್ಯೂಟರ್ ಪರದೆಯ ಮೇಲಿನ ಲಾಂದ್ರದವನು. ಒಂದು ಕೈಯಲ್ಲಿ ಲಾಂದ್ರ, ಇನ್ನೊಂದರಲ್ಲಿ ಕತ್ತಿ ಹಿಡಿದು, ಮುಳುಗಿದ ಕೋಟೆಯೊಳಗೆ ಇಳಿದು, ಬಾಗಿಲ ಮೇಲೆ ಬಾಗಿಲು ತೆರೆದು, ತಳದಲ್ಲಿ ಬಿದ್ದಿರುವ ಗಂಟೆಯನ್ನು ಬಾರಿಸಬೇಕಾದ ಬಡಪಾಯಿ ಅವನು. ಅವನು ಬೀಳಬಾರದ ಕಡೆ ಬಿದ್ದರೆ, ಗೋಡೆಯೊಳಗೆ ಸಿಕ್ಕಿಕೊಂಡರೆ, ತೆರೆಯಬೇಕಾದ ಬಾಗಿಲು ತೆರೆಯದಿದ್ದರೆ ಅದನ್ನು ಬರೆದು ಪ್ರೋಗ್ರಾಮರ್‌ಗಳಿಗೆ ಕಳಿಸುವುದು ಅವಳ ಪಾಲಿನ ಜವಾಬ್ದಾರಿ. ಆಟ ಆಡಿಕೊಂಡು ಸಂಬಳ ತಗೊಳ್ತೀಯಲ್ಲ ಎಂದು ನೆಂಟರಿಷ್ಟರು ಹೊಟ್ಟೆಕಿಚ್ಚು ಪಡುತ್ತಾರೆ. ಅವರೂ ಒಂದು ದಿನ ಕೂತು ಅದೇ ಕಂದಕಕ್ಕೆ ಬಿದ್ದು ನೋಡಲಿ, ಆಮೇಲೆ ಮಾತಾಡಲಿ.

ಮೊದಲು ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದಳು. ಹೊಲಿದು ಬಂದ ಅಂಗಿಗಳನ್ನು ಬೆಳಕಿಗೆ ಹಿಡಿದು ಎಲ್ಲಿ ದಾರ ಸಡಿಲ, ಎಲ್ಲಿ ತೋಳು ಸೊಟ್ಟ ಎಂದು ಹುಡುಕಿ ಹುಡುಕಿ ಅವಳ ಕಣ್ಣಿಗೆ ತಪ್ಪು ಕಾಣುವ ಚಟವೇ ಹತ್ತಿಬಿಟ್ಟಿತ್ತು. ಕಾರ್ಖಾನೆ ಮುಚ್ಚಿ ಮನೆಯಲ್ಲಿ ಕೂತಿದ್ದಾಗ ಈ ಕಂಪನಿಯ ಸುದ್ದಿ ಕಿವಿಗೆ ಬಿತ್ತು. ಅವಳ ಬಾಲ್ಯದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಲಾಂದ್ರದ ಆಟವನ್ನು ಹೊಸ ಕಾಲಕ್ಕೆ ಹೊಂದುವಂತೆ ಮತ್ತೆ ಕಟ್ಟುತ್ತಿದ್ದಾರೆ, ಹಳೆಯದನ್ನು ಕೊನೆಯವರೆಗೆ ಆಡಿ ಮುಗಿಸಿದವರು ಬೇಕಾಗಿದ್ದಾರೆ ಎಂದು. ಸಂದರ್ಶನದಲ್ಲಿ "ಮುಗಿಸಿದ್ದೇವೆ" ಎಂದಳು. ಯಾರ ಜೊತೆ ಎಂದು ಯಾರೂ ಕೇಳಲಿಲ್ಲ. ಐವತ್ತರ ಹೆಂಗಸು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಹಿಡಿದ ಪಟ್ಟು ಬಿಡದ ಅವಳ ಸ್ವಭಾವ ಕಂಡು ಆಫೀಸಿನವರು ಮೊಂಡಕ್ಕ ಎಂದು ಕರೆಯತೊಡಗಿದರು. ಅವಳಿಗದು ಬೈಗುಳ ಅನ್ನಿಸಲಿಲ್ಲ.

ಹೊಸ ಆಟ ನೋಡಲು ಬಲು ಚೆಂದ. ಹಳೆಯದರಲ್ಲಿ ಚೌಕ ಚೌಕವಾಗಿದ್ದ ಲಾಂದ್ರದವನಿಗೆ ಈಗ ಗಡ್ಡವಿದೆ, ಬೆವರುತ್ತಾನೆ, ಕಲ್ಲಿನ ಗೋಡೆಯ ಮೇಲೆ ಅವನ ನೆರಳು ಅಲುಗುತ್ತದೆ. ಎಲ್ಲ ಸರಿ, ಜಿಗಿತ ಮಾತ್ರ ಸರಿಯಿಲ್ಲ. ಮೊದಲ ದಿನವೇ ಮೊಂಡಕ್ಕ ಹಾಗೆಂದಿದ್ದಳು, ಇವತ್ತಿಗೂ ಹಾಗೇ ಅನ್ನುತ್ತಿದ್ದಳು. ಕೋಟೆಯ ನಡುವಿನಲ್ಲಿ ಒಂದು ದೊಡ್ಡ ಕಂದಕವಿದೆ, ಅದರ ಮಧ್ಯೆ ಒಂದು ಒಂಟಿ ಕಂಬ. ಅಂಚಿನಿಂದ ಜಿಗಿದು ಕಂಬದ ತಲೆಯ ಮೇಲೆ ನಿಲ್ಲಬೇಕು. ಹಳೆಯ ಆಟದಲ್ಲಿ ನೀರು ಕುಡಿದಷ್ಟು ಸುಲಭವಾಗಿ ನಿಲ್ಲುತ್ತಿದ್ದ ಅವಳ ಲಾಂದ್ರದವನು, ಹೊಸದರಲ್ಲಿ ಪ್ರತಿ ಸಲ ಕಂಬ ದಾಟಿ ಆಚೆ ಬೀಳುತ್ತಿದ್ದ.

"ಬಟನ್ ಭಾರ ಆಗಿದೆ ಕಣಮ್ಮ" ಎಂದಳು, ಜಿಗಿತವನ್ನು ಬರೆದ ಪ್ರೋಗ್ರಾಮರ್ ಹುಡುಗಿಗೆ. ಹುಡುಗಿ ತಿದ್ದಿದಳು. "ಈಗ ಹಗುರ ಆಯ್ತು" ಎಂದಳು ಮೊಂಡಕ್ಕ. ಹುಡುಗಿ ಮತ್ತೆ ತಿದ್ದಿದಳು. "ಒತ್ತಿದ್ಮೇಲೆ ತಡವಾಗಿ ಏಳ್ತಾನೆ" ಎಂದಳು. ಹುಡುಗಿ ಹಳೆಯ ಆಟವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಏಳುವ ಎತ್ತರ, ಗಾಳಿಯಲ್ಲಿರುವ ಹೊತ್ತು ಎಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ತೋರಿಸಿದಳು. ಮೊಂಡಕ್ಕ ನೋಡಿದಳು, ತಲೆಯಾಡಿಸಿದಳು, ಮತ್ತೆ ಕಂದಕಕ್ಕೆ ಬಿದ್ದಳು. "ಇಲ್ಲ, ಬಟನ್ನಲ್ಲೇ ಏನೋ ಇದೆ."

ಬುಧವಾರ ತಂಡದ ಮುಖ್ಯಸ್ಥ ಅವಳ ಮೇಜಿಗೇ ಬಂದ. ಅವಳಿಗಿಂತ ಎಷ್ಟೋ ಚಿಕ್ಕವನು, ಕೆಟ್ಟವನಲ್ಲ, ನಿದ್ದೆಗೆಟ್ಟವನು.

"ಅಕ್ಕಾ, ನೀವು ಹೇಳಿದಾಗೆಲ್ಲ ಬದಲಾಯಿಸಿದ್ದೀವಿ. ಏನು ತಪ್ಪು ಅಂತ ನೆಟ್ಟಗೆ ಹೇಳಿಬಿಡಿ. ಶುಕ್ರವಾರ ಸಂಜೆ ಜಿಗಿತಕ್ಕೆ ಬೀಗ ಹಾಕ್ತೀವಿ. ಅದರ ಅಳತೆ ಮೇಲೇ ಉಳಿದ ಕೋಟೆ ಎಲ್ಲ ಕಟ್ಟಬೇಕು. ಆಮೇಲೆ ಜಪ್ಪಯ್ಯ ಅಂದ್ರೂ ಮುಟ್ಟೋಕಾಗಲ್ಲ."

"ಹೇಳ್ತೀನಿ ಸರ್."

"ಯಾವಾಗ?"

"ಶುಕ್ರವಾರದೊಳಗೆ."

ಹಾಗೆಂದುಬಿಟ್ಟಳು. ಹುಟ್ಟಿ ಬೆಳೆದ ಮನೆ ಈಗಿಲ್ಲ, ಅಮ್ಮ ಇಲ್ಲ, ಆ ಟಿವಿ ಯಾವತ್ತೋ ಗುಜರಿಗೆ ಹೋಯಿತು. ಆ ದಿನಗಳದ್ದು ಅಂತ ಉಳಿದಿರುವುದು ಆ ಜಿಗಿತ ಒಂದೇ. ಅದನ್ನೇ ತಪ್ಪುತಪ್ಪಾಗಿ ಕಟ್ಟಿ, ಬೀಗ ಹಾಕಿ ಊರಿಗೆಲ್ಲ ಹಂಚುತ್ತಾರಲ್ಲ ಎಂದು ನೆನೆದರೆ ಅವಳಿಗೆ ಊಟ ಸೇರಲಿಲ್ಲ. ತಪ್ಪಿರುವುದು ಖಂಡಿತ, ಎಲ್ಲಿ ಎಂದು ಮಾತ್ರ ಗೊತ್ತಿಲ್ಲ. ಗೊತ್ತಿರುವವನು ಒಬ್ಬನಿದ್ದಾನೆ, ಅವಳ ಅಣ್ಣ; ಅವನನ್ನು ಕರೆತರಬೇಕು ಎಂದು ತೀರ್ಮಾನಿಸಿದಳು.

ಅದಕ್ಕೊಂದು ಹಿನ್ನೆಲೆ ಇದೆ. ಅಣ್ಣ ತಂಗಿಗೆ ಆ ಆಟ ಬಂದದ್ದು ಯಾರೋ ಆಡಿ ಬಿಟ್ಟ ಹಳೆಯ ಸೆಟ್ಟಿನ ರೂಪದಲ್ಲಿ. ಬಟನ್ ಒತ್ತಿ ಆಡುವ ಎರಡು ರಿಮೋಟುಗಳಲ್ಲಿ ಒಂದು ಕೆಟ್ಟಿತ್ತು, ಆಟದ ಕ್ಯಾಸೆಟ್ಟನ್ನು ಬಾಯಿಂದ ಊದಿ ಹಾಕಿದರೆ ಮಾತ್ರ ಓಡುತ್ತಿತ್ತು. ನಾನು ನಾನು ಎಂದು ಇಬ್ಬರೂ ಜುಟ್ಟು ಹಿಡಿದು ಜಗಳಾಡುತ್ತಿದ್ದರು. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಬಂದ ಅಮ್ಮ ಒಂದು ಸಂಜೆ ವೈರು ಕಿತ್ತು ಬೀರುವಿನ ಮೇಲೆ ಎಸೆದಳು. ಮಾರನೆಯ ದಿನ ತಾನೇ ಇಳಿಸಿಕೊಟ್ಟು ಕಾನೂನು ಮಾಡಿದಳು: "ಒಂದೇ ರಿಮೋಟನ್ನ ಇಬ್ಬರೂ ಹಿಡ್ಕೋಬೇಕು. ಒಬ್ಬರು ಕೈಬಿಟ್ರೆ ಇಬ್ಬರಿಗೂ ಇಲ್ಲ."

ಅಂದಿನಿಂದ ಎಡಭಾಗ ತಂಗಿಯದು, ಅಂದರೆ ಹಿಂದೆ ಮುಂದೆ ಮೇಲೆ ಕೆಳಗೆ ನಡೆಸುವುದು. ಬಲಭಾಗ ಅಣ್ಣನದು, ಅಂದರೆ ಕತ್ತಿ ಬೀಸುವುದು ಮತ್ತು ಜಿಗಿಯುವುದು. ಸೊಂಟಕ್ಕೆ ಸೊಂಟ ತಾಗಿಸಿ, ಮೊಣಕೈಯಿಂದ ತಿವಿದುಕೊಳ್ಳುತ್ತಾ ಇಡೀ ಕೋಟೆ ಇಳಿದು ಗಂಟೆ ಬಾರಿಸಿದರು. ಆ ಕಂಬ ದಾಟಿದವರು ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಕ್ಕಳೆಲ್ಲ ಬಂದು ಅಣ್ಣನ ಹೆಬ್ಬೆರಳನ್ನು ಮುಟ್ಟಿ ನೋಡಿ ಹೋದರು. ತಂಗಿಯೂ ಅವನ ಬೆರಳಿಗೆ ಮರುಳಾದವಳೇ. ನಡೆಸುವುದೇನು ಮಹಾ, ಜಿಗಿಸುವುದು ತಾನೇ ಕೆಲಸ? ದೊಡ್ಡವಳಾದ ಮೇಲೂ ಯಾರ ಮದುವೆ ಮನೆಗೆ ಹೋದರೂ ನಮ್ಮಣ್ಣನ ಹೆಬ್ಬೆರಳಿನಂಥದ್ದು ಇನ್ನೊಂದಿಲ್ಲ ಎಂದು ಸಾರುತ್ತಿದ್ದಳು. ಅಣ್ಣ ಆಗೆಲ್ಲ ಊಟದ ಕಡೆ ನಡೆದುಬಿಡುತ್ತಿದ್ದ.

ಅಣ್ಣನದು ಈಗ ಬಸ್ ನಿಲ್ದಾಣದ ಎದುರು ಕೀಲಿಕೈ ಮಾಡುವ ಪುಟ್ಟ ಅಂಗಡಿ. ಗುರುವಾರ ಬೆಳಗ್ಗೆ ಮೊಂಡಕ್ಕ ಹೋದಾಗ ಮೆಷಿನ್ನು ಕಿರ್ರೆಂದು ಹಿತ್ತಾಳೆ ಉಜ್ಜುತ್ತಿತ್ತು.

"ಅಣ್ಣಾ, ಅಂಗಡಿ ಮುಚ್ಚು."

ಅವನು ಗಾಬರಿಯಾದ. "ಯಾಕೇ? ಯಾರಿಗೇನಾಯ್ತು?"

"ಲಾಂದ್ರದವನು ಬೀಳ್ತಿದ್ದಾನೆ."

"ಥೂ ನಿನ್ನ! ನಾನು ಏನೋ ಅಂದ್ಕೊಂಡೆ."

"ನಿನ್ನ ಹೆಬ್ಬೆರಳು ಬೇಕು."

"ಕತ್ತರಿಸಿ ಪೊಟ್ಟಣ ಕಟ್ಟಿಕೊಡ್ಲಾ? ಹೋಗೇ, ಕೆಲಸ ಇದೆ."

ಅವಳು ಹೋಗಲಿಲ್ಲ. ಗಿರಾಕಿಗಳಿಗೆಂದು ಇಟ್ಟಿದ್ದ ಒಂದೇ ಸ್ಟೂಲಿನ ಮೇಲೆ ಕೂತು, ಬಂದವರಿಗೆಲ್ಲ "ಈ ಮನುಷ್ಯನಿಗೆ ಮಧ್ಯಾಹ್ನ ರಜಾ, ಈಗಲೇ ಮಾಡಿಸ್ಕೊಂಡು ಹೋಗಿ" ಎನ್ನತೊಡಗಿದಳು. ಗಿರಾಕಿಗಳು ನಗುತ್ತಾ ಅವಸರ ಮಾಡಿದರು. ಅಣ್ಣ ಒಂದಷ್ಟು ಹೊತ್ತು ಮುಖ ಊದಿಸಿಕೊಂಡಿದ್ದು, ಕೊನೆಗೆ ಮೆಷಿನ್ ಆರಿಸಿದ. "ಅಮ್ಮನ ಹಟ ಪೂರ್ತಿ ನಿನಗೇ ಬಂದಿದೆ. ನನಗೆ ಒಂದು ಚೂರೂ ಬಿಟ್ಟಿಲ್ಲ" ಎಂದು ಷಟರ್ ಎಳೆದ.

ಆಫೀಸಿಗೆ ಬಂದವನು ಮೊದಲು ಬಾಗಿಲ ಬೀಗ ನೋಡಿ ಮೂಗು ಮುರಿದ. ಆಮೇಲೆ ಕುರ್ಚಿ ಎಳೆದು ತಂಗಿಯ ಬಲಕ್ಕೆ ಕೂತ. ಮೊದಲು ಹಳೆಯ ಆಟ. ಒಂದೇ ರಿಮೋಟು, ಅವಳ ಎಡಗೈ, ಅವನ ಬಲಗೈ. ಮೊಣಕೈ ತಾಗಿತು, ತಿವಿದುಕೊಂಡರು. ಲಾಂದ್ರದವನು ಓಡಿದ, ಜಿಗಿದ, ಕಂಬದ ಮೇಲೆ ಬೊಂಬೆ ಇಟ್ಟಹಾಗೆ ನಿಂತ. ಹಿಂದೆ ನಿಂತು ನೋಡುತ್ತಿದ್ದ ಪ್ರೋಗ್ರಾಮರ್ ಹುಡುಗಿ ಚಪ್ಪಾಳೆ ತಟ್ಟಿದಳು.

ಆಮೇಲೆ ಹೊಸ ಆಟ. ಓಡಿದ, ಜಿಗಿದ, ಕಂಬ ದಾಟಿ ಆಚೆ ಬಿದ್ದ. ಮತ್ತೆ ಜಿಗಿದ, ಮತ್ತೆ ಬಿದ್ದ.

ಮೊಂಡಕ್ಕನ ಮುಖ ಸಪ್ಪಗಾಯಿತು. "ನಿನ್ನ ಬೆರಳಿಗೂ ಆಗ್ತಿಲ್ವಲ್ಲೋ ಅಣ್ಣಾ."

"ನನ್ನ ಬೆರಳು ನೆಟ್ಟಗೇ ಇದೆ. ನೀನ್ಯಾಕೆ ಎಳೀತಾ ಇಲ್ಲ?"

"ಏನನ್ನ?"

"ಅವನನ್ನ ಕಣೇ! ಜಿಗಿದ್ಮೇಲೆ ಹಿಂದಕ್ಕೆ ಎಳೀತಿದ್ದೆಯಲ್ಲ, ಗಾಳೀಲಿ ಇರೋವಾಗಲೇ."

ಅವಳು ಬಗ್ಗಿ ತನ್ನ ಎಡಗೈ ನೋಡಿದಳು. ಹೆಬ್ಬೆರಳು ಹಿಂದಿನ ದಿಕ್ಕನ್ನು ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿತ್ತು. ಅದು ಹಾಗೆ ಒತ್ತುತ್ತದೆಂದು ಅವಳಿಗೆ ಇವತ್ತಿನವರೆಗೆ ತಿಳಿದೇ ಇರಲಿಲ್ಲ. ಜಡೆ ಹೆಣೆಯುವಾಗ ಬೆರಳು ಏನು ಮಾಡುತ್ತದೆಂದು ಯಾರು ನೋಡುತ್ತಾರೆ?

"ಎಳೀತಿದ್ದೀನಿ" ಎಂದಳು ಮೆಲ್ಲಗೆ.

"ಹಾಗಾದ್ರೆ ಇವನಿಗೆ ನಿನ್ನ ಮಾತು ಕೇಳಿಸ್ತಿಲ್ಲ ಬಿಡು."

"ಮತ್ತೆ ಅಳತೆ ನೋಡಿ ಜಿಗಿಸ್ತಿದ್ದವನು ನೀನಲ್ವಾ?"

"ನನಗೆಲ್ಲಿ ಗೊತ್ತಿತ್ತೇ ಅಳತೆ? ಅಂಚು ಬಂದ ತಕ್ಷಣ ಹೆದರಿಕೆಗೆ ಕಣ್ಣು ಮುಚ್ಚಿ ಒತ್ತಿಬಿಡ್ತಿದ್ದೆ. ಹೇಗೂ ನೀನು ಇಳಿಸ್ತೀಯ ಅಂತ ಧೈರ್ಯ."

"ಇಷ್ಟು ವರ್ಷ ಮದುವೆ ಮನೆಗಳಲ್ಲೆಲ್ಲ ನಿನ್ನನ್ನ ಹೊಗಳಿದ್ನಲ್ಲ, ಆಗ ಬಾಯಿಗೆ ಏನಾಗಿತ್ತು?"

"ಮೊದಮೊದಲು ತಮಾಷೆ ಮಾಡ್ತಿದ್ದೀಯ ಅಂದ್ಕೊಂಡೆ. ಆಮೇಲೆ ಕೇಳೋಕೆ ಚೆನ್ನಾಗಿತ್ತು, ಸುಮ್ನಾದೆ."

ಮೊಂಡಕ್ಕನಿಗೆ ಸಿಟ್ಟೂ ಬಂತು, ನಗುವೂ ಬಂತು, ಎರಡರ ನಡುವೆ ಕಣ್ಣಲ್ಲಿ ನೀರೂ ಬಂತು. ಅಣ್ಣನ ಬೆನ್ನಿಗೊಂದು ಗುದ್ದಿ ಹುಡುಗಿಯ ಕಡೆ ತಿರುಗಿದಳು.

ಹುಡುಗಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು. "ಗಾಳಿಯಲ್ಲಿ ತಿರುಗೋದನ್ನ ನಾವೇ ತೆಗೆದ್ವಿ ಅಕ್ಕಾ. ಅದು ಹಳೇ ಮೆಷಿನ್ನಿನ ದೋಷ, ನಿಜವಾದ ಮನುಷ್ಯ ಹಾಗೆ ತಿರುಗಲ್ಲ ಅಂತ ಸರ್ ಹೇಳಿದ್ರು. ಓಡದೆ ಅಂಚಲ್ಲಿ ನಿಂತು ಜಿಗಿದ್ರೂ ಎಟುಕಲಿ ಅಂತ ಕಂಬಾನೂ ಈಚೆಗೆ ಸರಿಸಿದ್ವಿ. ನೀವು ಬಟನ್ ಬಟನ್ ಅಂತಿದ್ರಿ, ನಾನು ಬಟನ್ನನ್ನೇ ತಿದ್ದುತ್ತಾ ಕೂತೆ."

"ನಿನ್ನ ತಲೆ ತಿಂದುಬಿಟ್ಟೆ ಕಣಮ್ಮ. ತಪ್ಪು ನಂದು" ಎಂದಳು ಮೊಂಡಕ್ಕ. ಹೇಳಲು ನಾಲಿಗೆ ತೊದಲಿತು, ಆದರೂ ಹೇಳಿದಳು. ಅಲ್ಲಿಂದ ಎದ್ದು ಮುಖ್ಯಸ್ಥನ ಕೋಣೆಗೆ ನೆಟ್ಟಗೆ ನಡೆದು ಅಲ್ಲೂ ಅದನ್ನೇ ಹೇಳಿದಳು. "ಸರ್, ಜಿಗಿತದ ಬಗ್ಗೆ ನಾನು ಬರೆದದ್ದೆಲ್ಲ ತಪ್ಪು. ಬಟನ್ ಸರಿಯಾಗಿದೆ. ಅವನು ಗಾಳಿಯಲ್ಲಿ ತಿರುಗಬೇಕು."

ಮುಖ್ಯಸ್ಥನಿಗೆ ತನ್ನ ಲಾಂದ್ರದವನ ನಡಿಗೆ, ಭಾರ, ಉಸಿರು ಎಲ್ಲದರ ಬಗ್ಗೆಯೂ ಹೆಮ್ಮೆ. "ಕಾಲಿಗೆ ಆಧಾರವೇ ಇಲ್ಲದೆ ಹೇಗೆ ತಿರುಗ್ತಾನೆ ಅಕ್ಕಾ? ನೋಡಿದವರು ನಗಲ್ವಾ?"

"ಅವನ ಲಾಂದ್ರ ನೀರಲ್ಲಿ ಮುಳುಗಿದ್ರೂ ಆರಲ್ಲ. ಅದಕ್ಕೆ ಯಾರೂ ನಗಲಿಲ್ಲ."

ಅವಳು ಬಿಡಲಿಲ್ಲ. "ಹಳೇ ಆಟದಲ್ಲಿ ಜಿಗಿದ ಮೇಲೂ ಅವನು ನಮ್ಮ ಕೈಯಲ್ಲಿದ್ದ ಸರ್. ಈಗ ಬಟನ್ ಒತ್ತಿದ್ಮೇಲೆ ಕೈಕಟ್ಟಿ ನೋಡ್ತಾ ಕೂರಬೇಕು. ಅವನು ಬೀಳ್ತಿರೋವಾಗಲೂ ಉಳಿಸಬಹುದು ಅನ್ನೋದೇ ಆ ಆಟ. ಅದನ್ನ ತೆಗೆದ್ರೆ ಉಳಿಯೋದು ಬರೀ ಗಡ್ಡ."

ಬಾಗಿಲಲ್ಲಿ ನಿಂತಿದ್ದ ಹುಡುಗಿ "ನಾನು ಮಾಡಿಕೊಡ್ತೀನಿ ಸರ್, ಕಂಬಾನೂ ಮೊದಲಿದ್ದ ಜಾಗಕ್ಕೇ ಸರಿಸ್ತೀನಿ" ಎಂದಳು. ಮುಖ್ಯಸ್ಥ ಇಬ್ಬರನ್ನೂ ನೋಡಿದ. "ನಾಳೆ ಸಂಜೆ ನಾನೇ ಆಡಿ ನೋಡ್ತೀನಿ. ಹಿಡಿಸಿದ್ರೆ ಇರಲಿ. ಇಲ್ಲಾಂದ್ರೆ ಈಗಿರೋದಕ್ಕೇ ಬೀಗ."

ಶುಕ್ರವಾರ ಬೆಳಗ್ಗೆ ಲಾಂದ್ರದವನು ದಾರ ಕಿತ್ತ ಗಾಳಿಪಟದಂತೆ ಕಂದಕದ ತುಂಬ ಓಲಾಡಿದ. "ಜಾಸ್ತಿಯಾಯ್ತು" ಎಂದಳು ಮೊಂಡಕ್ಕ. ಹುಡುಗಿ ಕಡಿಮೆ ಮಾಡಿದಳು. "ಇನ್ನೂ ಕಡಿಮೆ. ಹಾರಿದ ಹಾಗಿರಬಾರದು, ತೋಳು ಹಿಡಿದು ಎಳೆದ ಹಾಗಿರಬೇಕು." ಈ ಸಲ ಅವಳ ಬಾಯಿಂದ ಬಂದ ಒಂದೊಂದು ಮಾತೂ ಹುಡುಗಿಯ ಕೈಗೆ ಅರ್ಥವಾಯಿತು. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಸಂಜೆ ಮುಖ್ಯಸ್ಥ ಬಂದು ಪಕ್ಕದಲ್ಲಿ ನಿಂತ. ಮೊಂಡಕ್ಕ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದಳು. ಲಾಂದ್ರದವನು ಓಡಿದ. ಅಂಚು ಬಂತು. ಅಣ್ಣ ಮಾಡುತ್ತಿದ್ದ ಹಾಗೇ ಕಣ್ಣು ಮುಚ್ಚಿ ಬಲ ಹೆಬ್ಬೆರಳು ಒತ್ತಿದಳು. ಕಣ್ಣು ಬಿಟ್ಟಾಗ ಅವನು ಕಂಬ ದಾಟಿ ಹೋಗುತ್ತಿದ್ದ. ಎಡ ಹೆಬ್ಬೆರಳಿಂದ ಎಳೆದಳು. ಲಾಂದ್ರ ಹೊಯ್ದಾಡಿತು, ಅವನು ತಿರುಗಿದ, ಕಂಬದ ತಲೆಯ ಮೇಲೆ ಕಾಲೂರಿ ನಿಂತ.

"ಇಲ್ಲಿ ಕೊಡಿ" ಎಂದು ಮುಖ್ಯಸ್ಥ ರಿಮೋಟು ಇಸಿದುಕೊಂಡ. ಬಿದ್ದ, ಬೈದುಕೊಂಡ, ಮತ್ತೆ ಬಿದ್ದ. ಆಮೇಲೊಮ್ಮೆ ಬೀಳುತ್ತಾ ಬೀಳುತ್ತಾ ಹಿಂದಕ್ಕೆಳೆದು ಕಂಬದ ಮೇಲೆ ನಿಂತಾಗ, ನಿದ್ದೆಗೆಟ್ಟ ಆ ಮುಖದಲ್ಲಿ ಹಲ್ಲು ಕಂಡಿತು. ಹುಡುಗಿಯ ಕಡೆ ತಿರುಗಿ "ಇದಕ್ಕೇ ಬೀಗ ಹಾಕು" ಎಂದ.

ಮೊಂಡಕ್ಕ ವರಾಂಡಕ್ಕೆ ಹೋಗಿ ಅಣ್ಣನಿಗೆ ಫೋನು ಮಾಡಿದಳು. ಆಚೆ ಮೆಷಿನ್ನು ಕಿರ್ರೆನ್ನುತ್ತಿತ್ತು.

"ಕಂಬದ ಮೇಲೆ ನಿಂತ ಅಣ್ಣಾ."

"ಯಾರು ಒತ್ತಿದ್ದು?"

"ನಾನೇ."

"ಇಳಿಸಿದ್ದು?"

"ಅದೂ ನಾನೇ."

ಮೆಷಿನ್ನು ನಿಂತಿತು. "ಹ್ಞೂಂ. ಇನ್ಮೇಲೆ ಮದುವೆ ಮನೆಗಳಲ್ಲಿ ಹಾಗಂತಲೇ ಹೇಳು" ಎಂದು ಅಣ್ಣ ಫೋನಿಟ್ಟ.