ಜೋಡಿ ಮೀನಿನ ಕಾರು

ವಿಶಾಖಪಟ್ಟಣದ ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದ ಹುಬ್ಬಳ್ಳಿಯ ಉಮಾದೇವಿಗೆ ಒಂದೇ ಹುಚ್ಚು: ಹಳೆಯ ಕಾರುಗಳ ಮೂಲ ಹುಡುಕುವುದು. ವರ್ಗವಾಗಿ ಹೋದ ಊರಲ್ಲೆಲ್ಲ, ಯಾರ ಶೆಡ್ಡಿನಲ್ಲಿ ಯಾವ ಕಾರಿದೆ, ಅದು ಮೊದಲು ಯಾರದಿತ್ತು ಎಂದು ರಜೆಯ ದಿನ ವಿಚಾರಿಸುತ್ತ ತಿರುಗುತ್ತಿದ್ದರು.

ಹಾಗೆ ತಿರುಗುತ್ತ ಒಮ್ಮೆ ವಿಜಯವಾಡಕ್ಕೆ, ದುರ್ಗಮ್ಮನ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಕೆಳಗಿನ ರಾಜ್ಯಲಕ್ಷ್ಮಿಯವರ ಮನೆಗೆ ಹೋದರು. ಬಳ್ಳಾರಿಯಿಂದ ಸೊಸೆಯಾಗಿ ಬಂದ ರಾಜ್ಯಲಕ್ಷ್ಮಿಗೆ ಈಗ ಎಪ್ಪತ್ತು. ಹಿತ್ತಲಲ್ಲಿ ಸುಮಾರು ನೂರು ವರ್ಷದ ಕಾರಿತ್ತು. ತೋರಿಸಲು ಅವರಿಗೆ ಮನಸ್ಸಿರಲಿಲ್ಲ. ಅವರ ಮಾವ ವಿಶಾಖಪಟ್ಟಣದ ಕಡೆಯ ಜಮೀನ್ದಾರರೊಬ್ಬರಿಗೆ ಡ್ರೈವರ್ ಆಗಿದ್ದವರು. ಯಜಮಾನರು ಸತ್ತಾಗ ಕಾರನ್ನು ಹಾರಿಸಿಕೊಂಡು ಬಂದನೆಂದು ನೆಂಟರೇ ಆಡಿಕೊಳ್ಳುತ್ತಿದ್ದರು. ಗಂಡ ಕೂಸಾಗಿದ್ದಾಗಲೇ ಮಾವ ತೀರಿಕೊಂಡಿದ್ದರಿಂದ ನಿಜ ಹೇಳುವವರು ಯಾರೂ ಇರಲಿಲ್ಲ.

ಕೊನೆಗೆ ರಾಜ್ಯಲಕ್ಷ್ಮಿ ಒಪ್ಪಿ ತೋರಿಸಿದಾಗ, ಉಮಾದೇವಿ ಕಾರಿನ ಬಾಗಿಲಿನ ಕಪ್ಪು ಬಣ್ಣವನ್ನು ಮೆಲ್ಲಗೆ ಕೆರೆದರು. ಅಡಿಯಲ್ಲಿ ಹಸಿರು ಬಣ್ಣ, ಅದರ ಮೇಲೆ ಜೋಡಿ ಮೀನಿನ ಗುರುತು. ಅದನ್ನು ಹಿಡಿದು ಆ ಮನೆತನವನ್ನು ಹುಡುಕಬಹುದಿತ್ತು. ಆದರೆ ಕೆಟ್ಟ ಸುದ್ದಿಯೇ ಸಿಕ್ಕರೆ ಏನು ಮಾಡಲಿ ಎಂದು ಉಮಾದೇವಿ ರಾಜ್ಯಲಕ್ಷ್ಮಿಯವರನ್ನು ಕೇಳಿದರು.

“ಕೆಟ್ಟದ್ದಾದ್ರೂ ತಿಳ್ಕೊಂಡು ಹೇಳಮ್ಮಾ. ಅವರದೇ ಆಗಿದ್ರೆ ಕೊಟ್ಟು ಕೈ ಮುಗಿದು ಬಿಡ್ತೀನಿ. ಈ ಮಾತು ಹೊತ್ತು ಹೊತ್ತು ಸಾಕಾಗೈತಿ,” ಎಂದರು ರಾಜ್ಯಲಕ್ಷ್ಮಿ.

ಕೇಳುತ್ತ ಹೋದ ಉಮಾದೇವಿಗೆ ಕೊನೆಗೆ ವಿಶಾಖಪಟ್ಟಣದ ಬಂದರಿನ ಬಳಿಯ ಫ್ಲ್ಯಾಟೊಂದರಲ್ಲಿ ಆ ಜಮೀನ್ದಾರರ ಮೊಮ್ಮಗಳು ಉಷಶ್ರೀ ಸಿಕ್ಕರು. ಎಂಬತ್ತು ದಾಟಿದವರು. ಉಮಾದೇವಿ ಫೋನಿನಲ್ಲಿ ಕಾರಿನ ಚಿತ್ರ ತೋರಿಸಿದರು.

ಉಷಶ್ರೀ ನಕ್ಕೇಬಿಟ್ಟರು. “ನಾನು ಹುಟ್ಟಿದ್ದೇ ಇದರ ಹಿಂದಿನ ಸೀಟಿನಲ್ಲಿ,” ಎಂದು ತೆಲುಗಿನಲ್ಲಿ ಹೇಳಿದರು.

ತುಫಾನಿಗೆ ಮರಗಳು ಉರುಳಿದ್ದ ದಾರಿಯಲ್ಲಿ, ಹೆರಿಗೆ ಬೇನೆ ತಿನ್ನುತ್ತಿದ್ದ ಅವರ ತಾಯಿಯನ್ನು ಆಸ್ಪತ್ರೆಗೆ ಒಯ್ದವರು ಆ ಡ್ರೈವರೇ. ಅರ್ಧ ದಾರಿಯಲ್ಲೇ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಉಳಿದರು. ಅಜ್ಜ ತಾಂಬೂಲದ ಜೊತೆ ಕಾರನ್ನೇ ಆ ಡ್ರೈವರಿಗೆ ಕೊಟ್ಟರಂತೆ. ತಾಯಿ ಬದುಕಿದ್ದ ತನಕ ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಇದನ್ನು ಹೇಳುತ್ತಿದ್ದರಂತೆ.

ಉಮಾದೇವಿ ಅಲ್ಲಿಂದಲೇ ವಿಜಯವಾಡಕ್ಕೆ ಫೋನ್ ಹಚ್ಚಿ ಉಷಶ್ರೀಯವರ ಕೈಗೆ ಕೊಟ್ಟರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಫೋನ್ ಮರಳಿ ಕೈಗೆ ಬಂದಾಗ ಆಚೆ ರಾಜ್ಯಲಕ್ಷ್ಮಿ ಅಳುತ್ತಿದ್ದರು.

“ನಮ್ಮ ಮಾವ ಕಳ್ಳ ಅಲ್ಲಮ್ಮಾ,” ಎಂದರು. “ಎದಿ ಹಗುರ ಆತು.”

ಮುಂದಿನ ಭಾನುವಾರ ಅಕ್ಕಪಕ್ಕದವರು ಸೇರಿ ಕಾರನ್ನು ಬೀದಿಗೆ ತಳ್ಳಿ ತಂದರು. ರಾಜ್ಯಲಕ್ಷ್ಮಿ ಅದಕ್ಕೆ ದುರ್ಗಮ್ಮನ ಕುಂಕುಮವಿಟ್ಟು, ನೋಡಲು ನಿಂತವರಿಗೆಲ್ಲ ತಾವೇ ಕಥೆ ಹೇಳಿದರು. ಕಾರು ತಯಾರಾದ ವರ್ಷ ಮಾತ್ರ ಉಮಾದೇವಿಗೆ ಇನ್ನೂ ಗೊತ್ತಾಗಿಲ್ಲ.