ರೋಲರ್ ಕೋಸ್ಟರ್ ಹತ್ತಲು ಹೂ ಕೇಳಿದವನು

ಕಳೆದ ಶನಿವಾರ ಬೆಳಗ್ಗೆ ನಾನು ದೇವರಿಗೇ ಟೋಪಿ ಹಾಕಿದೆ.

ವಿಷಯ ಇಷ್ಟೇ. ಬೆಂಗಳೂರು ಕಡೆಯ ಒಂದು ಥೀಮ್ ಪಾರ್ಕಿಗೆ ಹೊರಟಿದ್ದೆವು. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು ಚಿನ್ನು, ಜೊತೆಗೆ ರಾಯಲ್ಪಾಡಿನಿಂದ ಬಂದಿದ್ದ ಸೋದರತ್ತೆ ರತ್ನಮ್ಮ. ಹೋದ ವರ್ಷವೂ ಹೋಗಿದ್ದೆವು. ಆಗ ರೋಲರ್ ಕೋಸ್ಟರಿನ ಬಾಗಿಲಲ್ಲಿ ಎತ್ತರ ನೋಡಲು ಎಳೆದಿದ್ದ ಗೆರೆಗೆ ಚಿನ್ನು ಎರಡು ಬೆರಳು ಕಡಿಮೆ ಬಿದ್ದಳು. ಅವಳು ಅತ್ತಳು. ನಾನು ಒಳಗೊಳಗೇ ಕುಣಿದೆ. ಹೊರಗೆ ಮಾತ್ರ, “ಬರೋ ವರ್ಷ ನೀನು, ನಾನು, ಮೊದಲನೇ ಸೀಟು. ಪ್ರಾಮಿಸ್” ಎಂದೆ. (ಮಕ್ಕಳು ಬೆಳೆಯುತ್ತಾರೆ ಎಂಬ ಕನಿಷ್ಠ ಜ್ಞಾನವೂ ಆಗ ನನಗಿರಲಿಲ್ಲ.)

ಬೆಳೆದಳು. ಕ್ಯಾಲೆಂಡರ್ ಪಕ್ಕದ ಗೋಡೆಗೆ ಪೆನ್ಸಿಲ್ ಗೆರೆ ಹಾಕಿಕೊಂಡು, ವರ್ಷವಿಡೀ ಅಳೆದುಕೊಂಡು ಬೆಳೆದಳು.

ಟೇಕಲ್ ಕಡೆಯ ನಮ್ಮೂರಲ್ಲಿ ಏನೇ ಕೆಲಸವಿದ್ದರೂ ಆಂಜನೇಯನ ಗುಡಿಯಲ್ಲಿ ಹೂ ಕೇಳುವುದುಂಟು. ಬೋರ್‌ವೆಲ್ ಕೊರೆಸಲು, ಹಸು ಕೊಳ್ಳಲು, ಹೆಣ್ಣು ನೋಡಲು. ಮನಸ್ಸಿನಲ್ಲೇ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ನಿಲ್ಲಬೇಕು. ವಿಗ್ರಹದ ಬಲಗಡೆ ಹೂ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಉಹೂಂ. ಶನಿವಾರ ಜನ ಜಾಸ್ತಿ. ಆವತ್ತು ಪೂಜಾರಿ ಬಲಗಡೆಯ ಹೂವನ್ನು ಸ್ವಲ್ಪ ಸಡಿಲವಾಗಿಯೇ ಸಿಕ್ಕಿಸಿರುತ್ತಾರೆ ಎಂಬುದು ನನ್ನ ಬಹುದಿನದ ಅನುಮಾನ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿ ಕೇಳಿದೆ: ಸ್ವಾಮಿ, ನಾನು ಆ ರೋಲರ್ ಕೋಸ್ಟರ್ ಹತ್ತದಿರುವುದೇ ಒಳ್ಳೆಯದಾದರೆ ಬಲಗಡೆ ಕೊಡು.

ಕೊಟ್ಟ. ಎರಡು ನಿಮಿಷವೂ ಕಾಯಿಸಲಿಲ್ಲ.

ಪಾರ್ಕಿನಲ್ಲಿ ಚಿನ್ನು ಗೆರೆಗೆ ಬೆನ್ನು ಕೊಟ್ಟು ನಿಂತಳು. ತಲೆ ಗೆರೆ ದಾಟಿತ್ತು. ನನ್ನ ಕೈ ಹಿಡಿದು ಕ್ಯೂಗೆ ಎಳೆದಳು. ಅಲ್ಲೊಬ್ಬ ಸಿಬ್ಬಂದಿ ಕೂತವರ ಹೆಗಲ ಮೇಲೆ ಕಬ್ಬಿಣದ ಸರಳು ಇಳಿಸಿ, ಲಾಕ್ ಮಾಡಿ, ಬೆಲ್ಟ್ ಬಿಗಿದು, ಎಳೆದು ನೋಡಿ, ಮತ್ತೆ ಎಳೆದು ನೋಡುತ್ತಿದ್ದ. ಅಷ್ಟು ಸಲ ನೋಡುತ್ತಾನೆ ಎಂದರೆ ಏನೋ ಇದೆ ಅಂತಲ್ಲವೇ? ನಾನು ಕ್ಯೂನಲ್ಲಿ ಒಂದು ಹೆಜ್ಜೆ ಹಿಂದೆ ಸರಿದೆ.

“ಬೆಳಗ್ಗೆ ಹೂ ಕೇಳ್ದೆ ಕಣೇ. ದೇವ್ರು ಬೇಡ ಅಂದ್ಬಿಟ್ಟ” ಎಂದೆ.

ಮಗಳು ನನ್ನ ಕೈ ಬಿಟ್ಟಳು.

ಅತ್ತೆ ಸುಮ್ಮನಿರುವವರಲ್ಲ. “ಏಮಿರಾ, ದೀನಿಕಿ ಕೂಡಾ ದೇವುಣ್ಣಿ ಅಡಿಗಿನಾವಾ?” ಎಂದು ತೆಲುಗಿನಲ್ಲಿ, ಇಡೀ ಕ್ಯೂ ತಿರುಗಿ ನೋಡುವಂತೆ ಕೇಳಿದರು, ಇದಕ್ಕೂ ದೇವರನ್ನು ಕೇಳಿದೆಯಾ ಅಂತ. ಆಮೇಲೆ ಕನ್ನಡಕ್ಕೆ ಬಂದರು. “ರೈಲ್ವೆ ಗೇಟ್ ಹಾಕಿದ್ರೂ ಗಾಡಿ ವಾಲಿಸ್ಕೊಂಡು ಕೆಳಗೆ ನುಗ್ತೀಯಲ್ಲ, ಅದಕ್ಕೆ ಹೂ ಕೇಳಿದ್ದಾ? ಹಿಂದೆ ಹೆಂಡ್ತಿ, ಮುಂದೆ ಸಿಲಿಂಡ್ರು, ತಲೇಲಿ ಹೆಲ್ಮೆಟ್ಟಿಲ್ಲ. ಅದಕ್ಕೆ ಕೇಳಿದ್ದಾ?”

“ಪ್ರಾಮಿಸ್ ಮಾಡೋವಾಗ ಕೇಳ್ಬೇಕಿತ್ತು” ಎಂದಳು ಹೆಂಡತಿ, ಪಾಪ್‌ಕಾರ್ನ್ ತಿನ್ನುತ್ತಾ.

ಕೇಳಿರಲಿಲ್ಲ. ಗೇಟಿಗೆ, ಹೆಲ್ಮೆಟ್ಟಿಗೆಲ್ಲ ನಮ್ಮ ಕಡೆ ಯಾರು ಹೂ ಕೇಳುತ್ತಾರೆ? ಈ ಅತ್ತೆಯೇ ಮಾವಿನ ಸೀಸನ್ನಿನಲ್ಲಿ ಲಗೇಜ್ ಆಟೋದ ಕ್ರೇಟುಗಳ ಮೇಲೆ ಕೂತು ಶ್ರೀನಿವಾಸಪುರದ ಮಂಡಿಗೆ ಹೋಗುವವರು. ಹಿಡಿದುಕೊಳ್ಳಲು ಒಂದು ಹಗ್ಗವೂ ಇರುವುದಿಲ್ಲ, ದಾರಿಯುದ್ದಕ್ಕೂ ತೂಕಡಿಸುತ್ತಾರೆ. ಬೆಲ್ಟ್ ಇಲ್ಲದ ಕಡೆ ನಮಗೆ ನಿದ್ದೆ ಬರುತ್ತದೆ. ಬೆಲ್ಟ್ ಬಿಗಿದ ಕೂಡಲೇ ಜೀವ ಬಾಯಿಗೆ ಬರುತ್ತದೆ. ಎಂಥ ಜನ ಸ್ವಾಮಿ ನಾವು?

ಅತ್ತೆ ಎಚ್ಚರಿಕೆಯ ಬೋರ್ಡನ್ನು ಚಿನ್ನು ಕೈಲಿ ಓದಿಸಿದರು. ಬಿಪಿ ಇಲ್ಲ, ಹಾರ್ಟ್ ಪ್ರಾಬ್ಲಂ ಇಲ್ಲ, ಬಸುರಿಯಂತೂ ಅಲ್ಲ. ಪಾರ್ಕಿಗೆಂದೇ ನನ್ನ ಹೆಂಡತಿಯ ಚೂಡಿದಾರ್ ಹಾಕಿಕೊಂಡು ಬಂದಿದ್ದರು. ಅದರ ಹಳದಿ ದುಪಟ್ಟಾ ತೆಗೆದು ನನ್ನ ಹೆಗಲಿಗೆ ಎಸೆದು, “ರಾ ಚಿನ್ನೂ” ಎಂದು ನಡೆದರು. ಐವತ್ತೈದು ವರ್ಷದ ಹೆಂಗಸು. ಮೊದಲನೇ ಸೀಟು. ನನ್ನ ಸೀಟು.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೊಟ್ಟೆಕಿಚ್ಚಾಯಿತು. ಒಂದು ವರ್ಷ ಗೋಡೆಗೆ ಒರಗಿ ಅಳೆದುಕೊಂಡವಳ ಪಕ್ಕದಲ್ಲಿ ನಾನಿರಬೇಕಿತ್ತು. ಆ ಗಾಡಿ ಕಟಕಟ ಎನ್ನುತ್ತಾ ಮೇಲೇರುವಾಗ ಚಿನ್ನು ಅಜ್ಜಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆಮೇಲಿನದು ನನಗೆ ಗೊತ್ತಿಲ್ಲ.

ಇಳಿದು ಬಂದಾಗ ಇಬ್ಬರ ಕೂದಲೂ ಕೆದರಿತ್ತು. ಅತ್ತೆ ದುಪಟ್ಟಾ ಇಸಿದುಕೊಂಡು ಬೆವರು ಒರೆಸಿಕೊಂಡರು. ಚಿನ್ನು ನನ್ನ ಕಡೆ ನೋಡಲೂ ಇಲ್ಲ. ಅಜ್ಜಿಯನ್ನು ಎಳೆದುಕೊಂಡು ಇನ್ನೊಂದು ಕ್ಯೂಗೆ ಓಡಿದಳು. ಸಂಜೆಯವರೆಗೂ “ಅಪ್ಪಾ ಬಾ” ಎಂದು ಒಂದು ಸಲವೂ ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆನೇ? ಹೂಂ ಅನ್ನಲು ಧೈರ್ಯವಿಲ್ಲ.

ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಮಾಲೂರು ದಾಟಿದ ಮೇಲೆ ಚಿನ್ನು ಮೊದಲ ಬಾರಿ ನನ್ನ ಜೊತೆ ಬಾಯಿಬಿಟ್ಟಳು.

“ಅಪ್ಪಾ, ತುದಿಗೆ ಹೋದಾಗ ನೀನು ಕಾಣಿಸ್ದೆ. ದುಪಟ್ಟಾದಲ್ಲಿ ಮುಖ ಮುಚ್ಕೊಂಡು ನಿಂತಿದ್ದೆ.”

ನಾನು ರಸ್ತೆಯನ್ನೇ ನೋಡುತ್ತಿದ್ದೆ.

“ಕೆಳಗೆ ನಿಂತ್ರೂ ಅಷ್ಟು ಭಯ ಆಗೋದಾದ್ರೆ, ನನ್ ಜೊತೆ ಮೇಲೇ ಬರ್ಬೋದಿತ್ತಲ್ಲಪ್ಪಾ?”